ಇದು ಮೈಯಲ್ಲಿ ಎಷ್ಟು ದಿನ ಇರ್ತದೆ ಡಾಕ್ಟ್ರೇ?

ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದ ಅಜ್ಜಿಯೊಬ್ಬರು ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್-131) ತೆಗೆದುಕೊಳ್ಳಲು ಬಂದಿದ್ದರು. ದಪ್ಪ ಸೀಸದ ಡಬ್ಬಿಯಿಂದ ಸಣ್ಣ ಕ್ಯಾಪ್ಸೂಲ್ ಹೊರಬಂದದ್ದು ನೋಡಿ ಅವರ ಕೈ ಹಿಂದೆ ಸರಿಯಿತು. "ಇದು ಮೈಯಲ್ಲಿ ಎಷ್ಟು ದಿನ ಇರ್ತದೆ ಡಾಕ್ಟ್ರೇ? ಮೊಮ್ಮಗಳನ್ನ ಎತ್ಕೋಬಹುದಾ?"

ಅಯೋಡಿನ್-131ರ ಅರ್ಧಾಯು 8 ದಿನ. ಅಂದರೆ 8 ದಿನಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಡಬ್ಬಿಯಲ್ಲಿದ್ದರೂ ಅಷ್ಟೇ, ಹೊಟ್ಟೆಯಲ್ಲಿದ್ದರೂ ಅಷ್ಟೇ. ಆದರೆ ದೇಹವೂ ಸುಮ್ಮನೆ ಕೂರುವುದಿಲ್ಲ. ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿರುವ ಅಜ್ಜಿಯಂಥವರಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ಕಡಿಮೆ. ಮೊದಲೆರಡು ದಿನದಲ್ಲೇ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ಅದಕ್ಕೇ ಅವರಿಗೆ ಬೇರೆ ಕೋಣೆ, ಬೇರೆ ಶೌಚಾಲಯ. ಚೆನ್ನಾಗಿ ನೀರು ಕುಡಿಯಿರಿ, ಎರಡು ಸಲ ಫ್ಲಶ್ ಮಾಡಿ ಎಂದು ನಾವು ಪದೇ ಪದೇ ಹೇಳುವುದೂ ಅದಕ್ಕೇ. ಬಿಡುಗಡೆಯ ದಿನ ಒಂದು ಮೀಟರ್ ದೂರದಿಂದ ವಿಕಿರಣ ಅಳೆದು ನೋಡಿ, ಮೊಮ್ಮಗಳಿಂದ ಇನ್ನೆರಡು ವಾರ ದೂರ ಇರಿ ಎಂದು ಕಳಿಸಿದೆ.

ಅರ್ಧಾಯುವನ್ನಷ್ಟೇ ಓದಿ ಹೆದರುವವರಿಗೆ ಕೈಗಾ ನೆನಪಿಸುತ್ತೇನೆ. 2009ರ ನವೆಂಬರಿನಲ್ಲಿ ಅಲ್ಲಿನ ಅಣುವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ (ವಿಕಿರಣ ಸೂಸುವ ಹೈಡ್ರೋಜನ್) ಬೆರೆತು, 50ಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಅದು ಕಂಡುಬಂತು. ಟ್ರಿಷಿಯಂನ ಅರ್ಧಾಯು 12 ವರ್ಷಕ್ಕೂ ಮಿಗಿಲು. ಆದರೆ ಅದು ನೀರಾಗಿ ಒಳಹೊಕ್ಕು ನೀರಾಗಿಯೇ ಹೊರಹೋಗುತ್ತದೆ, ಸುಮಾರು 10 ದಿನಕ್ಕೆ ಅರ್ಧ. ಹೆಚ್ಚು ನೀರು ಕುಡಿಸಿದರೆ ಇನ್ನೂ ಬೇಗ.

ಸೀಸಿಯಂ-137 ಎಂಬ ಇನ್ನೊಂದು ವಿಕಿರಣ ವಸ್ತು ಪೊಟ್ಯಾಸಿಯಂನ ವೇಷದಲ್ಲಿ ಸ್ನಾಯುಗಳಿಗೆ ಇಳಿಯುತ್ತದೆ. ಪರಿಸರದಲ್ಲಿ ಅದು ಅರ್ಧವಾಗಲು 30 ವರ್ಷ ಬೇಕು, ವಯಸ್ಕರ ದೇಹದಲ್ಲಿ 110 ದಿನ ಸಾಕು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ವಿಕಿರಣ ಚಿಕಿತ್ಸೆಯ ಯಂತ್ರವನ್ನು ಗುಜರಿಗೆಂದು ಒಡೆದಾಗ, ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಸೀಸಿಯಂ ಪುಡಿ ಮನೆಮನೆಗೆ ಹಂಚಿಹೋಯಿತು. ನಾಲ್ವರು ಸತ್ತರು. 46 ಮಂದಿಗೆ ಪ್ರಷ್ಯನ್ ಬ್ಲೂ ಎಂಬ ಬಣ್ಣದ ಪುಡಿಯನ್ನೇ ಔಷಧಿಯಾಗಿ ಕೊಟ್ಟರು. ಕರುಳಿಗೆ ಬಂದ ಸೀಸಿಯಂ ಮತ್ತೆ ರಕ್ತ ಸೇರದಂತೆ ಅದು ಹಿಡಿದುಕೊಂಡು ಮಲದಲ್ಲಿ ಹೊರಹಾಕುತ್ತದೆ. 110 ದಿನದ ಲೆಕ್ಕ 30 ದಿನದ ಆಸುಪಾಸಿಗೆ ಇಳಿಯುತ್ತದೆ.

ನನಗೆ ನಿಜಕ್ಕೂ ಭಯವಿರುವುದು ಮೂಳೆ ಸೇರುವವುಗಳದ್ದು. ಸ್ಟ್ರಾನ್ಷಿಯಂ-90ನ್ನು ಮೂಳೆ ಕ್ಯಾಲ್ಸಿಯಂ ಎಂದೇ ಬರಮಾಡಿಕೊಳ್ಳುತ್ತದೆ, ವರ್ಷಗಟ್ಟಲೆ ಬಿಡುವುದಿಲ್ಲ. ಪ್ಲುಟೋನಿಯಂ ಮೂಳೆಯಲ್ಲಿ ಅರ್ಧವಾಗಲು ಸುಮಾರು 50 ವರ್ಷ. ಅದಕ್ಕೆ ಡಿಟಿಪಿಎ ಎಂಬ ಇಂಜೆಕ್ಷನ್ ಇದೆ, ಆದರೆ ಪ್ಲುಟೋನಿಯಂ ಇನ್ನೂ ರಕ್ತದಲ್ಲಿ ಓಡಾಡುತ್ತಿರುವಾಗಲೇ, ಮೊದಲ 24 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ.