ದಾವಣಗೆರೆಯಲ್ಲಿ ವಿನ್ಯಾಸಕರ ಒಡನಾಟ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದ ನಾನು ಮನೆಯ ಕಾರಣದಿಂದ ದಾವಣಗೆರೆಗೆ ಬಂದು ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ಅಲ್ಲಿದ್ದಂಥ ಬಳಗ ಇಲ್ಲಿ ಕಾಣುತ್ತಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಅರ್ಧ ಮುಗಿದ ಕೆಲಸವನ್ನು ಮುಂದಿಟ್ಟಾಗ ಅದರ ಕೊರತೆಯನ್ನು ಸಂಕೋಚವಿಲ್ಲದೆ ಹೇಳುವವರು ಬೇಕು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು ಎಂದು ಭಾವಿಸುತ್ತೇನೆ. ಅಂಥವರು ದಾವಣಗೆರೆಯಲ್ಲಿ ಖಂಡಿತ ಇದ್ದಾರೆ. ಆದರೆ ಅವರಲ್ಲಿ ಹಲವರು ತಮ್ಮನ್ನು ಡಿಸೈನರ್ ಎಂದು ಕರೆದುಕೊಳ್ಳುವುದಿಲ್ಲವಾದ್ದರಿಂದ ಆ ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ.

ಮೊದಲು ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಹೋಗಿ. 1964ರಲ್ಲಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ಭಾಗವಾಗಿರುವ ಆ ಕಾಲೇಜಿನಲ್ಲಿ ಚಿತ್ರಕಲೆ, ಶಿಲ್ಪಕಲೆಗಳ ಜೊತೆಗೆ ಅನ್ವಯಿಕ ಕಲೆಯನ್ನೂ, ಅಂದರೆ ಜಾಹೀರಾತು, ಮುದ್ರಣದಂಥ ಬಳಕೆಗಾಗಿ ಮಾಡುವ ವಿನ್ಯಾಸವನ್ನೂ, ಕಲಿಸುತ್ತಾರೆ. ಅಲ್ಲಿನ ಅಧ್ಯಾಪಕರಲ್ಲಿ ಪರಿಚಯವನ್ನಷ್ಟೇ ಕೇಳಬೇಡಿ. ವಿದ್ಯಾರ್ಥಿಗಳಿಗೆ ನಿಮ್ಮ ಒಂದು ಕೆಲಸವನ್ನು ಮೊದಲ ಗೀಟಿನಿಂದ ಕೊನೆಯವರೆಗೆ ತೋರಿಸಲು ಅವಕಾಶ ಕೇಳಿ. ಕೊಡುವುದಕ್ಕೆ ಏನಾದರೂ ಹಿಡಿದು ಬಂದವರನ್ನು ಜನ ಮತ್ತೆ ಕರೆಯುತ್ತಾರೆ.

ಆದರೂ ನನ್ನ ಹೆಚ್ಚಿನ ಭರವಸೆ ಇಲ್ಲಿನ ಆಫ್‌ಸೆಟ್ ಪ್ರೆಸ್‌ಗಳ ಮೇಲಿದೆ. ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆಗಳನ್ನು ವರ್ಷಗಟ್ಟಲೆ ಅಚ್ಚು ಹಾಕಿದವರಿಗೆ ಕನ್ನಡ ಅಕ್ಷರದ ವರ್ತನೆ ಕೈಯಳತೆಯಲ್ಲಿರುತ್ತದೆ: ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು, ಸಣ್ಣ ಗಾತ್ರದ ದಪ್ಪ ಅಕ್ಷರದೊಳಗೆ ಮಸಿ ತುಂಬಿಕೊಳ್ಳುವುದು, ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಯೂನಿಕೋಡ್ ಸಂಕೇತಕ್ಕೆ ತರುವಾಗ ಅಕ್ಷರ ಒಡೆಯುವುದು ಅವರಿಗೆ ದಿನನಿತ್ಯದ ವಿಚಾರ. ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳೊಂದಿಗೆ, ಪರದೆಗಾಗಿಯೇ ಕೆಲಸ ಮಾಡಿದ ವಿನ್ಯಾಸಕರಿಗೆ ಈ ತಿಳಿವಳಿಕೆ ಬೇರೆಡೆ ಸುಲಭವಾಗಿ ದೊರೆಯದು. ಮದುವೆಯ ಕಾಲದಲ್ಲಿ ಅವರಿಗೆ ಬಿಡುವಿರುವುದಿಲ್ಲ. ಕೆಲಸ ಕಡಿಮೆಯಿರುವ ಹೊತ್ತನ್ನು ಕೇಳಿಕೊಂಡು, ಫೈಲನ್ನು ಕರ್ವ್ ಮಾಡಿಕೊಂಡು (ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡದಂತೆ ಅಕ್ಷರಗಳನ್ನು ಗೆರೆಯ ಆಕೃತಿಗಳಾಗಿ ಬದಲಿಸಿಕೊಂಡು) ಹೋಗಿ, ಅಚ್ಚಿಗೆ ಬೇಕಾದ ಪ್ಲೇಟ್ ಹಾಕುವ ಮೊದಲು ಅಭಿಪ್ರಾಯ ಕೇಳಿ.

ನೇಯ್ಗೆಯಲ್ಲಿ ಆಸಕ್ತಿಯಿದ್ದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೂ ಹೋಗಬಹುದು. ಅಂಚು, ಸೆರಗು, ಬುಟ್ಟಾಗಳ ಅಳತೆಯನ್ನು ನೇಕಾರರೊಂದಿಗೆ ಮಗ್ಗದ ಮುಂದೆಯೇ ಚರ್ಚಿಸುವುದು ಬೇರೆ ಬಗೆಯ ಕಲಿಕೆ.

ಬೆಂಗಳೂರಿನ ಗೆಳೆಯರನ್ನೂ ಬಿಡಬೇಕಿಲ್ಲ. ಸುಮಾರು 260 ಕಿಲೋಮೀಟರ್ ದೂರಕ್ಕೆ ಪದೇ ಪದೇ ಹೋಗುವುದು ಕಷ್ಟವಾದ್ದರಿಂದ, ತಿಂಗಳಿಗೊಮ್ಮೆ ಗೊತ್ತಾದ ಹೊತ್ತಿನಲ್ಲಿ ವಿಡಿಯೋ ಕರೆ ಮಾಡಿ ಒಬ್ಬೊಬ್ಬರೂ ಒಂದು ಕೆಲಸವನ್ನು ತೋರಿಸುವ ಒಪ್ಪಂದ ಮಾಡಿಕೊಳ್ಳಿ. ಇಲ್ಲಿ ಮೂರ್ನಾಲ್ಕು ಜನರ ಪರಿಚಯವಾದೊಡನೆ ಅಂಥದೇ ಕೂಟವನ್ನು ನಿಮ್ಮ ಮನೆಯಲ್ಲಿ ಕರೆಯಿರಿ, ಪ್ರೆಸ್‌ನವರನ್ನೂ ಆಹ್ವಾನಿಸಿ, ಎಲ್ಲರೂ ಕಾಗದದ ಪ್ರತಿಯನ್ನೇ ತರಲಿ. ಕಾಗದವಾದರೆ ಪೆನ್ಸಿಲ್ ಹಿಡಿದು ತಿದ್ದಲು ಯಾರೂ ಹಿಂಜರಿಯುವುದಿಲ್ಲ.