ಮೂರು ವೃತ್ತಗಳು ಒಂದೇ ಬಿಂದುವಿನಲ್ಲಿ ಕೂಡದಿದ್ದರೆ ಭೂಕಂಪದ ಜಾಗ ಯಾವುದು?

ಪ್ರಶ್ನೆ: ಮೂರು ವೀಕ್ಷಣಾಲಯಗಳಿಂದ ವೃತ್ತ ಎಳೆದರೆ, ಅವು ಕೂಡುವ ಬಿಂದುವೇ ಭೂಕಂಪದ ಮೇಲ್ಕೇಂದ್ರ ಎಂದು ಪಾಠದಲ್ಲಿದೆ. ಪ್ರಾಜೆಕ್ಟ್‌ಗಾಗಿ ಎಳೆದು ನೋಡಿದರೆ ವೃತ್ತಗಳು ಒಂದರೊಳಗೊಂದು ಹಾಯ್ದು, ನಡುವೆ ತ್ರಿಕೋನದಂಥ ಜಾಗ ಉಳಿಯುತ್ತದೆ. ತಪ್ಪಿದ್ದು ಎಲ್ಲಿ?

ಉತ್ತರ: ಬಹುಶಃ ಎಲ್ಲಿಯೂ ತಪ್ಪಿಲ್ಲ. ಪಾಠದ ಚಿತ್ರ ನೆಲದ ಆಳವನ್ನು ಮರೆತಿದೆ, ಅಷ್ಟೇ. ಆ ತ್ರಿಕೋನವನ್ನು ಅಳಿಸಬೇಡಿ, ಭೂಕಂಪ ಎಷ್ಟು ಆಳದಲ್ಲಿ ಹುಟ್ಟಿತು ಎಂಬ ಸುಳಿವು ಅದರಲ್ಲೇ ಇದೆ.

ಮೊದಲು ವೃತ್ತದ ತ್ರಿಜ್ಯ ಎಲ್ಲಿಂದ ಬಂತೆಂದು ನೋಡೋಣ. ಬಂಡೆ ಬಿರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಬಂಡೆಯನ್ನು ಒತ್ತುತ್ತ, ಹಿಗ್ಗಿಸುತ್ತ ಸಾಗುವ ಪಿ ಅಲೆ ಭೂಮಿಯ ಹೊರಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಅಡ್ಡಡ್ಡ ಅಲುಗಾಡಿಸುವ ಎಸ್ ಅಲೆಯ ವೇಗ ಸುಮಾರು 3.5 ಕಿ.ಮೀ. ಅಂದರೆ ಪ್ರತಿ ಕಿಲೋಮೀಟರಿಗೂ ಎಸ್ ಅಲೆ 0.119 ಸೆಕೆಂಡ್ ಹಿಂದೆ ಬೀಳುತ್ತದೆ. ತಿರುಗಿಸಿ ಹೇಳುವುದಾದರೆ, ಎರಡರ ನಡುವೆ 1 ಸೆಕೆಂಡ್ ಅಂತರವಿದ್ದರೆ ದೂರ 8.4 ಕಿ.ಮೀ. ಈ ಲೆಕ್ಕಕ್ಕೆ ವೀಕ್ಷಣಾಲಯಗಳ ಗಡಿಯಾರಗಳು ಪರಸ್ಪರ ಹೊಂದಬೇಕೆಂದೇನೂ ಇಲ್ಲ. ಬೇಕಾದ್ದು ಒಂದೇ ಗಡಿಯಾರದ ಎರಡು ಓದುಗಳ ವ್ಯತ್ಯಾಸ ಮಾತ್ರ.

ಕಂಪನ ರೇಖೆಯಲ್ಲಿ ಪಿ ಅಲೆ ಸಣ್ಣ, ಚುರುಕಾದ ಅದುರಾಗಿ ಕಾಣಿಸುತ್ತದೆ; ಮೇಲೆ-ಕೆಳಗಿನ ಚಲನೆ ದಾಖಲಿಸುವ ರೇಖೆಯಲ್ಲಿ ಅದು ಸ್ಪಷ್ಟ. ಎಸ್ ಅಲೆಯನ್ನು ಹುಡುಕಬೇಕಾದ್ದು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮದ ರೇಖೆಗಳಲ್ಲಿ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಪಿ ಅಲೆಯ ಬಾಲ ಇನ್ನೂ ಅಡಗಿರುವುದಿಲ್ಲ, ಅಷ್ಟರಲ್ಲಿ ಎಸ್ ಬಂದು ಸೇರಿಕೊಳ್ಳುತ್ತದೆ. ರೇಖೆಯ ಅತಿ ಎತ್ತರದ ತುದಿಯನ್ನೇ ಎಸ್ ಎಂದು ಗುರುತಿಸಿದರೆ ಅಂತರ ಹಿಗ್ಗಿ, ವೃತ್ತ ದೊಡ್ಡದಾಗುತ್ತದೆ. ಗುರುತು ಹಾಕಬೇಕಾದ್ದು ಆ ದೊಡ್ಡ ಅಲುಗಾಟ ಶುರುವಾಗುವ ಕಡೆ.

ಕ, ಖ, ಗ ಎಂಬ ಮೂರು ವೀಕ್ಷಣಾಲಯಗಳಲ್ಲಿ ಅಂತರ ಕ್ರಮವಾಗಿ 10, 15, 6 ಸೆಕೆಂಡ್ ಎಂದುಕೊಳ್ಳಿ. ದೂರ 84, 126, 50.4 ಕಿ.ಮೀ. ನಕ್ಷೆಯಲ್ಲಿ 1 ಸೆಂ.ಮೀ.ಗೆ 20 ಕಿ.ಮೀ. ಅಳತೆ ಇಟ್ಟರೆ ಕೈವಾರವನ್ನು 4.2, 6.3, 2.5 ಸೆಂ.ಮೀ.ಗೆ ತೆರೆಯಬೇಕು.

ಗುಟ್ಟು ಇಲ್ಲಿದೆ. ಈ 84 ಕಿ.ಮೀ. ನೆಲದ ಮೇಲೆ ನಡೆದು ಅಳೆಯುವ ದೂರವಲ್ಲ. ವೀಕ್ಷಣಾಲಯದಿಂದ ಭೂಗರ್ಭದೊಳಗಿನ ನಾಭಿಗೆ, ಅಂದರೆ ಬಂಡೆ ಬಿರಿದ ಜಾಗಕ್ಕೆ ಇರುವ ಓರೆ ದೂರ. ಮೇಲ್ಕೇಂದ್ರ ಆ ನಾಭಿಯ ನೇರ ಮೇಲಿರುತ್ತದೆ. ಓರೆ ದೂರವು ಲಂಬಕೋನ ತ್ರಿಭುಜದ ವಿಕರ್ಣ, ನಾವದನ್ನು ಪಾದವೆಂದು ನಕ್ಷೆಯ ಮೇಲೆ ಮಲಗಿಸಿದ್ದೇವೆ. ಹಾಗಾಗಿ ಮೂರೂ ವೃತ್ತಗಳು ಇರಬೇಕಾದ್ದಕ್ಕಿಂತ ದೊಡ್ಡವು, ಒಂದರೊಳಗೊಂದು ಹಾಯಲೇಬೇಕು.

ಹಾಗಾದರೆ ಮೇಲ್ಕೇಂದ್ರ? ಎರಡೆರಡು ವೃತ್ತಗಳು ಪರಸ್ಪರ ಕತ್ತರಿಸುವ ಎರಡು ಬಿಂದುಗಳನ್ನು ಸರಳರೇಖೆಯಿಂದ ಸೇರಿಸಿ. ಮೂರು ಜೋಡಿಗೆ ಮೂರು ರೇಖೆ. ಆ ಮೂರು ರೇಖೆಗಳು ಕೂಡುವ ಕಡೆಯೇ ಮೇಲ್ಕೇಂದ್ರ. ತ್ರಿಕೋನದ ನಟ್ಟನಡುವನ್ನು ಕಣ್ಣಳತೆಯಲ್ಲಿ ಗುರುತು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಕಾರಣ ಸರಳ: ಪ್ರತಿ ವೃತ್ತದ ತ್ರಿಜ್ಯದ ವರ್ಗದಲ್ಲೂ ಆಳದ ವರ್ಗ ಒಂದೇ ಪ್ರಮಾಣದಲ್ಲಿ ಸೇರಿಕೊಂಡಿದೆ, ಎರಡು ಸಮೀಕರಣಗಳನ್ನು ಕಳೆದಾಗ ಅದು ಹೊರಟುಹೋಗುತ್ತದೆ, ಉಳಿಯುವುದು ಈ ಸರಳರೇಖೆ.

ಈಗ ಕ ವೀಕ್ಷಣಾಲಯದಿಂದ ಮೇಲ್ಕೇಂದ್ರಕ್ಕೆ ನಕ್ಷೆಯಲ್ಲಿ ಅಳೆಯಿರಿ. 3.9 ಸೆಂ.ಮೀ. ಬಂದರೆ 78 ಕಿ.ಮೀ. ಓರೆ ದೂರ 84. 84ರ ವರ್ಗ 7056, 78ರ ವರ್ಗ 6084. ವ್ಯತ್ಯಾಸ 972, ಅದರ ವರ್ಗಮೂಲ ಸುಮಾರು 31. ನಾಭಿಯ ಆಳ 31 ಕಿ.ಮೀ.

ಆದರೆ ಈ ಆಳದ ಲೆಕ್ಕ ಬಲು ನಾಜೂಕು. ಕ ವೀಕ್ಷಣಾಲಯದ ರೇಖೆಯಲ್ಲಿ ಎಸ್ ಅಲೆಯನ್ನು ಒಂದೇ ಸೆಕೆಂಡ್ ತಡವಾಗಿ ಗುರುತಿಸಿದಿರಿ ಎನ್ನಿ. ಓರೆ ದೂರ 92.4 ಕಿ.ಮೀ. ಆಗುತ್ತದೆ. ಮೇಲ್ಕೇಂದ್ರ ಅಲ್ಲೇ ಇದ್ದರೂ ಆಳ 31ರಿಂದ ಸುಮಾರು 50ಕ್ಕೆ ಜಿಗಿಯುತ್ತದೆ! ಆಳವನ್ನು ನಂಬಬೇಕಾದರೆ ಮೇಲ್ಕೇಂದ್ರಕ್ಕೆ ತೀರ ಹತ್ತಿರದ ಒಂದು ವೀಕ್ಷಣಾಲಯವಾದರೂ ಬೇಕು. ಭೂಕಂಪದ ಸುದ್ದಿಗಳಲ್ಲಿ ‘10 ಕಿ.ಮೀ. ಆಳ’ ಎಂದು ಪದೇ ಪದೇ ಓದಿರುತ್ತೀರಿ. ಎಷ್ಟೋ ಸಲ ಅದು ಅಳೆದ ಆಳವಲ್ಲ. ದತ್ತಾಂಶ ಸಾಲದಾದಾಗ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯಂಥ ಸಂಸ್ಥೆಗಳು ಲೆಕ್ಕ ಮುಂದೆ ಸಾಗಲೆಂದು ಇಟ್ಟುಕೊಳ್ಳುವ ಅಂಕಿ.

ವೃತ್ತಗಳು ಒಂದಕ್ಕೊಂದು ತಾಗದೆ ನಡುವೆ ಖಾಲಿ ಬಿಟ್ಟರೆ ಮಾತ್ರ ಆಳವನ್ನು ದೂರುವಂತಿಲ್ಲ. ಅಲ್ಲಿ ಅಂತರವನ್ನು ಕಡಿಮೆ ಓದಿದ್ದೀರಿ, ಇಲ್ಲವೇ 8.4 ಎಂಬ ಗುಣಕ ಅಲ್ಲಿನ ಬಂಡೆಗೆ ಹೊಂದುತ್ತಿಲ್ಲ. ಮೂರೂ ವೀಕ್ಷಣಾಲಯಗಳು ಭೂಕಂಪದ ಒಂದೇ ಬದಿಗಿದ್ದರೆ ಇನ್ನೊಂದು ಕಾಟ: ವೃತ್ತಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಒಂದರ ಮೇಲೊಂದು ಜಾರಿ ಹೋಗುತ್ತವೆ, ಚೂರು ತಪ್ಪಿದರೂ ಮೇಲ್ಕೇಂದ್ರ ಹತ್ತಾರು ಕಿಲೋಮೀಟರ್ ಸರಿಯುತ್ತದೆ.

ದೂರ ಕೆಲವು ನೂರು ಕಿಲೋಮೀಟರ್ ದಾಟಿದ ಮೇಲೆ 8.4ರ ಗುಣಕವನ್ನು ಕೈಬಿಡಿ. ಅಲೆಗಳು ಹೊರಪದರದ ಕೆಳಗಿಳಿದು, ಪಿ ಅಲೆ ಸೆಕೆಂಡಿಗೆ 8 ಕಿ.ಮೀ. ಓಡುವ ಮ್ಯಾಂಟಲ್ ಮೂಲಕ ಮುಂದೆ ಬಂದಿರುತ್ತವೆ. ಈ ವೇಗದ ಜಿಗಿತವನ್ನೇ 1909ರ ಒಂದು ಭೂಕಂಪದ ದಾಖಲೆಗಳಲ್ಲಿ ಗುರುತಿಸಿ ಕ್ರೊಯೇಷಿಯಾದ ಭೂಕಂಪ ವಿಜ್ಞಾನಿ ಆಂಡ್ರಿಯಾ ಮೊಹೊರೊವಿಚಿಚ್ ಹೊರಪದರದ ತಳವನ್ನು ಕಂಡುಕೊಂಡದ್ದು. ಅಂಥ ದೂರಕ್ಕೆ ಸಿದ್ಧ ಪ್ರಯಾಣಕಾಲದ ಕೋಷ್ಟಕಗಳನ್ನೇ ಬಳಸಬೇಕು.