ಬಟ್ಟಲಿನಂಥ ಕೀಬೋರ್ಡ್ ಬಂದ ದಾರಿ

ನಿಮ್ಮ ಕೀಬೋರ್ಡನ್ನು ಒಮ್ಮೆ ದಿಟ್ಟಿಸಿ ನೋಡಿ. ಕೀಲಿಗಳು ಒಂದರ ಕೆಳಗೊಂದು ನೇರವಾಗಿ ಕೂತಿಲ್ಲ. ಸಾಲಿನಿಂದ ಸಾಲಿಗೆ ಓರೆಯಾಗಿ ಸರಿದಿವೆ. ಬೆರಳಿಗೆ ಹಿತವಾಗಲಿ ಅಂತ ಮಾಡಿದ್ದಲ್ಲ ಅದು. 1870ರ ದಶಕದ ಟೈಪ್‌ರೈಟರಿನಲ್ಲಿ ಪ್ರತಿ ಕೀಲಿಗೂ ಒಂದು ಲೋಹದ ಸನ್ನೆಕೋಲು ಇತ್ತು. ಸನ್ನೆಗಳು ಒಂದಕ್ಕೊಂದು ತಾಗದಂತೆ ಹಾಯಲು ಜಾಗ ಬೇಕಿತ್ತು, ಕೀಲಿಗಳನ್ನು ಸರಿಸಿದರು. ಸನ್ನೆಗಳು ಎಂದೋ ಹೋದವು. ಓರೆ ಮಾತ್ರ ಉಳಿಯಿತು. ಆ ಓರೆಯನ್ನು ಬಿಟ್ಟು ಕೀಲಿಗಳನ್ನು ಬಟ್ಟಲಿನಂಥ ಕುಳಿಯಲ್ಲಿ ಕೂರಿಸಿದ ಕಿನೆಸಿಸ್ ಕೀಬೋರ್ಡಿನ ಕಥೆ ಇದು.

ಟೈಪ್‌ರೈಟರಿನಲ್ಲಿ ಕೈಗೆ ಆಗಾಗ ಬಿಡುವಾದರೂ ಸಿಗುತ್ತಿತ್ತು. ಸಾಲು ಮುಗಿದಾಗ ಹಾಳೆ ಹಿಡಿದ ಕ್ಯಾರೇಜ್ ತಳ್ಳಬೇಕು, ಹಾಳೆ ಬದಲಿಸಬೇಕು. ಕಂಪ್ಯೂಟರ್ ಬಂದು ಅದನ್ನೂ ಕಿತ್ತುಕೊಂಡಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕಚೇರಿಗಳಲ್ಲಿ ಕೈನೋವಿನ ದೂರು ಎಷ್ಟು ಹಬ್ಬಿತೆಂದರೆ, ಅದು ನಿಜವಾದ ಕಾಯಿಲೆಯೇ ಎಂದು ವೈದ್ಯರಲ್ಲೇ ಜಗಳ ನಡೆಯಿತು. ನೋವು ಇದ್ದವರಿಗೆ ಆ ಜಗಳದಿಂದ ಏನು ಲಾಭ, ಅಲ್ವಾ?

ಕೈಗೆ ತಕ್ಕ ಕೀಬೋರ್ಡ್ ಬೇಕೆಂಬ ಮಾತು ಹೊಸದೇನಲ್ಲ. ಜರ್ಮನಿಯ ಕ್ಲೋಕೆನ್‌ಬರ್ಗ್ ಎಂಬವರು 1926ರಲ್ಲೇ ಕೀಲಿಗಳನ್ನು ಎಡ, ಬಲ ಎಂದು ಎರಡು ಭಾಗ ಮಾಡಿ ಎಂದಿದ್ದರು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಲಿಲಿಯನ್ ಮಾಲ್ಟ್ ಮತ್ತು ಎಂಜಿನಿಯರ್ ಸ್ಟೀಫನ್ ಹಾಬ್ಡೇ ಸೇರಿ ಮಾಲ್ಟ್ರಾನ್ ಎಂಬ ಕೀಬೋರ್ಡ್ ಮಾಡಿದರು. ಕೀಲಿಗಳು ಬಟ್ಟಲಿನಂಥ ಕುಳಿಯಲ್ಲಿ ಕೂತವು.

ಅಮೆರಿಕದ ಸಿಯಾಟಲ್ ಬಳಿಯ ಕಿನೆಸಿಸ್ ಕಂಪನಿ ಅದೇ ಜಾಡಿನಲ್ಲಿ 1992ರಲ್ಲಿ ತನ್ನ ಮೊದಲ ಬಟ್ಟಲು ಕೀಬೋರ್ಡ್ ತಂದಿತು. ನಮ್ಮ ಬೆರಳುಗಳು ಒಂದೇ ಉದ್ದ ಇಲ್ಲವಲ್ಲ. ಮಧ್ಯದ ಬೆರಳಿಗೆ ಕುಳಿ ಜಾಸ್ತಿ ಆಳ, ಕಿರುಬೆರಳಿಗೆ ಕಡಿಮೆ. ಕೀಲಿಗಳು ಕಂಬದಂತೆ ನೇರ ಸಾಲು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಬ್ಬೆರಳಿಗೆ ಕೊಟ್ಟ ಕೆಲಸ. ಮಾಮೂಲಿ ಕೀಬೋರ್ಡಿನಲ್ಲಿ ಕೈಯ ಅತಿ ಗಟ್ಟಿ ಬೆರಳುಗಳೆರಡೂ ಸುಮ್ನೆ ಸ್ಪೇಸ್ ಒತ್ತುತ್ತಾ ಕೂತಿರುತ್ತವೆ, ಬಡಪಾಯಿ ಕಿರುಬೆರಳು ಎಂಟರ್, ಶಿಫ್ಟ್, ಕಂಟ್ರೋಲ್ ಅಂತ ಓಡಾಡುತ್ತಿರುತ್ತದೆ. ಇಲ್ಲಿ ಎಂಟರ್, ಬ್ಯಾಕ್‌ಸ್ಪೇಸ್, ಕಂಟ್ರೋಲ್ ಎಲ್ಲ ಹೆಬ್ಬೆರಳಿನ ಪಾಲು. ಒಪ್ಪಿಗೆಯಾಗದಿದ್ದರೆ ಕೀಲಿಗಳ ಕೆಲಸವನ್ನು ಅದಲುಬದಲು ಮಾಡಿಕೊಳ್ಳಬಹುದು. ಆ ಬದಲಾವಣೆ ಕೀಬೋರ್ಡಿನ ನೆನಪಿನಲ್ಲೇ ಉಳಿಯುತ್ತದೆ, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಹೋಗುವುದಿಲ್ಲ.

ಅಕ್ಷರದ ಕೀಲಿಗಳ ಕೆಳಗೆ ಚೆರ್ರಿ ಕಂಪನಿಯ ಮೆಕ್ಯಾನಿಕಲ್ ಸ್ವಿಚ್ ಇತ್ತು, ಅಂದರೆ ಪ್ರತಿ ಕೀಲಿಗೂ ತನ್ನದೇ ಸ್ಪ್ರಿಂಗ್. ಕೋಟಿಗಟ್ಟಲೆ ಸಲ ಒತ್ತಿದರೂ ತಾಳುವಂಥದ್ದು. ಕೀಲಿಯ ಟೊಪ್ಪಿಗೆ, ಅಂಗೈ ಒರಗುವ ಮೆತ್ತೆ ಸವೆದರೆ ಅವನ್ನಷ್ಟೇ ಬೇರೆಯಾಗಿ ಕೊಳ್ಳಬಹುದು.

ಎಲ್ಲವೂ ಚೆನ್ನಾಗಿತ್ತು ಅನ್ನಲಾರೆ. ಮೇಲಿನ ಫಂಕ್ಷನ್ ಕೀಲಿಗಳು ರಬ್ಬರಿನವು. ಪುಟ್ಟ ಪುಟ್ಟವು, ಮೆತ್ತಗೆ. ಗಿರಾಕಿಗಳು ವರ್ಷಗಟ್ಟಲೆ ಗೊಣಗಿದರು. ಅಲ್ಲಿಗೂ ಮೆಕ್ಯಾನಿಕಲ್ ಸ್ವಿಚ್ ಬಂದದ್ದು 2016ರ ಅಡ್ವಾಂಟೇಜ್2 ಮಾದರಿಯಲ್ಲಿ. ತಡವಾಯಿತು, ನಿಜ. ಆದರೆ ಆ ನೆಪದಲ್ಲಿ ಬಟ್ಟಲನ್ನು ಮುಟ್ಟಲಿಲ್ಲ. 2022ರ ಅಡ್ವಾಂಟೇಜ್360 ಎರಡು ಹೋಳಾಗಿ ಬಂತು, ಭುಜದ ಅಗಲಕ್ಕೆ ತಕ್ಕಂತೆ ದೂರ ಇಟ್ಟುಕೊಳ್ಳಬಹುದು. ಅಲ್ಲೂ ಅದೇ ಕುಳಿ, ಅದೇ ಹೆಬ್ಬೆರಳಿನ ಗುಂಪು. ಮೂವತ್ತು ವರ್ಷದ ಹಿಂದೆ ಮೊದಲ ಮಾದರಿಯಲ್ಲಿ ಕೈ ಪಳಗಿಸಿಕೊಂಡವರು ಹೊಸದರ ಮೇಲೆ ಕೈಯಿಟ್ಟರೆ, ಬೆರಳುಗಳು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ.